ಜಗಲಿಯಿಲ್ಲದ ಎಂಜಿನು

ಉಗಿಯೆಂಜಿನಿನ ತವರು ಇಂಗ್ಲೆಂಡು. ಮನೆಯ ಮಗಳ ಮೇಲೆ ತವರಿನವರಿಗೆ ಇರುವ ಮಮತೆ ಆ ದೇಶದ ಜನಕ್ಕೆ ತಮ್ಮ ಎಂಜಿನುಗಳ ಮೇಲೆ ಇತ್ತು. ಜಾರ್ಜ್ ಸ್ಟೀವನ್‌ಸನ್ನನ ಕಾಲದಿಂದ ಎರಡನೆಯ ಮಹಾಯುದ್ಧದವರೆಗೆ, ನೂರು ವರ್ಷಕ್ಕೂ ಮಿಕ್ಕಿ, ಅಲ್ಲಿಯ ರೈಲ್ವೆ ಕಂಪೆನಿಗಳು ಎಂಜಿನನ್ನು ಬರಿಯ ಯಂತ್ರವೆಂದು ಎಣಿಸಲಿಲ್ಲ. ಒಂದೊಂದು ಕಂಪೆನಿಗೂ ಒಂದೊಂದು ಬಣ್ಣ. ಒಬ್ಬರದು ಕಡುಹಸಿರು, ಮತ್ತೊಬ್ಬರದು ಕಿರಮಂಜಿ ಕೆಂಪು. ಗ್ರೇಟ್ ವೆಸ್ಟರ್ನ್ ಕಂಪೆನಿಯವರ ಚಿಮಣಿಗೆ ತಾಮ್ರದ ಕಿರೀಟ, ಗಾಲಿಯ ಮೇಲಿನ ಕಮಾನಿಗೆ ಹಿತ್ತಾಳೆಯ ಅಂಚು. ಯಾರು ಯಾವ ಎಂಜಿನನ್ನು ಸೃಷ್ಟಿಸಿದರೆಂಬುದನ್ನು ಅದರ ಮೈಗೆರೆಯಿಂದಲೇ ಹೇಳಬಲ್ಲ ರಸಿಕರು ಅಲ್ಲಿ ಊರೂರಿಗೂ ಇದ್ದರು.

ಅಂಥ ದೇಶದಲ್ಲಿ ೧೯೪೨ರಲ್ಲಿ ಸದರ್ನ್ ರೈಲ್ವೆಯ ಕಾರ್ಖಾನೆಯಿಂದ ಒಂದು ಹೊಸ ಎಂಜಿನು ಹೊರಬಂತು. ಮೈಗೆಲ್ಲ ಕಪ್ಪು ಬಣ್ಣ. ಹಿತ್ತಾಳೆಯ ಹೊಳಪಿಲ್ಲ, ತಾಮ್ರದ ಕಿರೀಟವಿಲ್ಲ. ಚಿಮಣಿಯ ಜಾಗದಲ್ಲಿ ಬಕೆಟ್ಟು ಬೋರಲು ಹಾಕಿದಂಥ ಒಂದು ಮೋಟು ಆಕಾರ. ಬಾಯ್ಲರಿನ ದುಂಡು ಮೈಯ ಬದಲು ಮೂಲೆಮೂಲೆಯಾಗಿ ಮಡಿಸಿದ ತಗಡು. ಗಾಲಿಗಳ ಮೇಲೆ ಯಾವ ಮರೆಯೂ ಇಲ್ಲ. ಕಂಡವರು ಒಂದು ಗಳಿಗೆ ಬೆರಗಾದರು, ಆಮೇಲೆ ನಕ್ಕರು. ಬಿಸ್ಕತ್ತಿನ ಡಬ್ಬಿಯೆಂದು ಕೆಲವರು ಕರೆದರು. ಕಾಫಿಯ ಪಾತ್ರೆಯೆಂದರು ಹಲವರು. ಫ್ರಾಂಕನ್‌ಸ್ಟೈನ್ ಎಂದು ಹೆಸರಿಟ್ಟವರೂ ಉಂಟು. ಎಲ್.ಎಂ.ಎಸ್. ಕಂಪೆನಿಯ ಹೆಸರಾಂತ ಎಂಜಿನಿಯರು ವಿಲಿಯಂ ಸ್ಟೇನಿಯರ್ ಇದರ ಚಿತ್ರವನ್ನು ನೋಡಿ, ಇದಕ್ಕೆ ಕೀಲಿ ಕೊಡುವುದು ಎಲ್ಲಿ ಎಂದು ಕೇಳಿದರೆಂದು ಒಂದು ಕಥೆ. ಮಕ್ಕಳ ಆಟದ ಗೊಂಬೆಬಂಡಿಯಂತೆ ಇದೆ ಎಂಬುದು ಆ ಮಾತಿನ ಇಂಗಿತ.

ಇಷ್ಟು ನಗೆಗೆ ಗುರಿಯಾದ ಈ ಎಂಜಿನಿಗೆ 'ಕ್ಯೂ-ಒನ್' ಎಂದು ಹೆಸರು. ಆರೇ ಗಾಲಿಗಳ ಎಂಜಿನುಗಳಲ್ಲಿ ಬ್ರಿಟನ್ನಿನ ಹಳಿಗಳ ಮೇಲೆ ಓಡಿದವುಗಳಲ್ಲೆಲ್ಲ ಇದರ ಎಳೆತವೇ ಹೆಚ್ಚು ಎಂದರೆ ಮೊದಲ ನೋಟಕ್ಕೆ ಯಾರೂ ನಂಬುವಂತಿರಲಿಲ್ಲ. ಈ ಶಕ್ತಿಗೂ ಆ ಕುರೂಪಕ್ಕೂ ಇರುವ ನಂಟು ಏನು? ಯುದ್ಧಕಾಲದ ಕೊರತೆ ಒಬ್ಬ ಯಂತ್ರಶಿಲ್ಪಿಗೆ ಕಲಿಸಿದ್ದೇನು, ಕಲಿಸದೆ ಬಿಟ್ಟದ್ದೇನು? ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಬ್ರಿಟನ್ನಿನ ರೈಲುಮಾರ್ಗಗಳು ಆಗ ಬಹುಮಟ್ಟಿಗೆ ನಾಲ್ಕು ದೊಡ್ಡ ಕಂಪೆನಿಗಳ ಕೈಯಲ್ಲಿದ್ದವು. ಸರಕಾರ ಅವುಗಳ ಆಡಳಿತವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ನಾಲ್ವರಲ್ಲಿ ಸದರ್ನ್ ಕಂಪೆನಿಯ ಸ್ಥಿತಿ ಬೇರೆ ತೆರನಾದದ್ದು. ಲಂಡನ್ನಿನಿಂದ ದಕ್ಷಿಣದ ಕಡಲತೀರದವರೆಗೆ ಹರಡಿದ ಈ ಕಂಪೆನಿಗೆ ಜನಸಂಚಾರವೇ ಮುಖ್ಯ ಆದಾಯ. ಬೆಳಗ್ಗೆ ಕಚೇರಿಗೆ ಹೋಗಿ ಸಂಜೆ ಮನೆಗೆ ಮರಳುವವರ ಕಂಪೆನಿ ಅದು. ಮಾರ್ಗಗಳಲ್ಲಿ ಸಾಕಷ್ಟು ಭಾಗ ವಿದ್ಯುತ್ತಿಗೆ ಬದಲಾಗಿತ್ತು. ಭಾರಿ ಸರಕು ಎಳೆಯುವ ಎಂಜಿನುಗಳು ಅದರಲ್ಲಿ ಇದ್ದದ್ದು ಕಡಮೆ, ಬೇಕಾಗಿದ್ದದ್ದೂ ಕಡಮೆ.

ಯುದ್ಧ ಬಂದೊಡನೆ ಈ ಲೆಕ್ಕ ತಲೆಕೆಳಗಾಯಿತು. ಶತ್ರುವಿಗೆ ಅತಿ ಸಮೀಪದ ತೀರ ಇದು. ಫ್ರಾನ್ಸಿಗೆ ಹೋಗುವ ದಂಡು, ಮದ್ದುಗುಂಡು, ಪೆಟ್ರೋಲು ಎಲ್ಲಕ್ಕೂ ಇದೇ ಬಾಗಿಲು. ೧೯೪೦ರ ಮೇ ಕೊನೆ, ಜೂನ್ ಮೊದಲಲ್ಲಿ ಡನ್‌ಕರ್ಕಿನಿಂದ ಸೈನ್ಯ ಹಿಂತಿರುಗಿದಾಗ ಕೆಲವೇ ದಿನಗಳಲ್ಲಿ ಆರುನೂರಕ್ಕೂ ಹೆಚ್ಚು ವಿಶೇಷ ಗಾಡಿಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಸೈನಿಕರನ್ನು ಈ ಕಡೆಯ ಬಂದರುಗಳಿಂದ ಒಳನಾಡಿಗೆ ಸಾಗಿಸಬೇಕಾಯಿತು. ಅನಂತರ ಬಾಂಬಿನ ಮಳೆ. ಮೇಲಿಂದ ನೋಡುವ ವೈರಿಗೆ ಬೆಂಕಿಯ ಬೆಳಕು ಕಾಣಬಾರದೆಂದು ರಾತ್ರಿಯ ಹೊತ್ತು ಎಂಜಿನಿಗೂ ಟೆಂಡರಿಗೂ ನಡುವೆ ದಪ್ಪನೆಯ ಕ್ಯಾನ್‌ವಾಸು ಬಿಗಿದು ಆ ಕಾವಿನೊಳಗೇ ಡ್ರೈವರು, ಫೈರ್‌ಮನ್ನರು ಬೇಯುತ್ತ ದುಡಿಯಬೇಕಾಗಿತ್ತು.

ಹೊಸ ಎಂಜಿನು ಬೇಕು, ಆದರೆ ಕಟ್ಟುವುದು ಯಾವುದರಿಂದ? ಉಕ್ಕು ಟ್ಯಾಂಕಿಗೂ ಹಡಗಿಗೂ ಹೋಗುತ್ತಿತ್ತು. ತಾಮ್ರ ತೋಟಾಗಳಿಗೆ ಬೇಕಾಗಿತ್ತು. ರೈಲ್ವೆ ಕಾರ್ಖಾನೆಗಳ ಕುಶಲಕರ್ಮಿಗಳು ಯುದ್ಧಸಾಮಗ್ರಿಯ ತಯಾರಿಕೆಗೆ ಕೈಹಾಕಿದ್ದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬ ಗಾದೆಯನ್ನು ನಮ್ಮ ಹಿರಿಯರು ಸಂಸಾರಕ್ಕೆ ಹೇಳಿದರು. ಇಲ್ಲಿ ಒಂದು ಸಾಮ್ರಾಜ್ಯದ ರೈಲು ಆ ಗಾದೆಯನ್ನು ಪಾಲಿಸಬೇಕಾಗಿ ಬಂತು.

ಸದರ್ನ್ ಕಂಪೆನಿಯ ಮುಖ್ಯ ಯಂತ್ರಶಿಲ್ಪಿ ಆಗ ಆಲಿವರ್ ಬುಲೀಡ್. ಹುಟ್ಟಿದ್ದು ೧೮೮೨ರಲ್ಲಿ, ದೂರದ ನ್ಯೂಜಿಲೆಂಡಿನ ಇನ್‌ವರ್‌ಕಾರ್ಗಿಲ್ ಎಂಬ ಊರಿನಲ್ಲಿ. ಇಂಗ್ಲೆಂಡಿಗೆ ಬಂದು ಡಾನ್‌ಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿ ಕೆಲಸ ಕಲಿತರು. ಅಲ್ಲಿಯ ಮುಖ್ಯಸ್ಥ ಐವಟ್ಟರ ಮಗಳನ್ನು ೧೯೦೮ರಲ್ಲಿ ಮದುವೆಯಾದರು. ಕೆಲಕಾಲ ಫ್ರಾನ್ಸಿನಲ್ಲಿ ದುಡಿದು, ಮುಂದೆ ಸುಪ್ರಸಿದ್ಧ ಶಿಲ್ಪಿ ನೈಜೆಲ್ ಗ್ರೆಸ್ಲಿಯವರ ಬಲಗೈಯಾಗಿ ವರ್ಷಗಟ್ಟಲೆ ಇದ್ದರು. ೧೯೩೭ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ತಾನೇ ಯಜಮಾನನಾಗಿ ಸದರ್ನ್‌ಗೆ ಬಂದರು. ಬೇರೆಯವರು ನಿವೃತ್ತಿಯನ್ನು ನೆನೆಯುವ ವಯಸ್ಸು ಅದು. ಬುಲೀಡರು ಆಗಲೇ ಹೊಸದನ್ನು ಆರಂಭಿಸಿದರು. ವಾಡಿಕೆಯಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪದ ಸ್ವಭಾವ ಅವರದು.

ಕ್ಯೂ-ಒನ್‌ಗೆ ಮುಂಚೆ ಕಂಪೆನಿಯಲ್ಲಿ 'ಕ್ಯೂ' ಎಂಬ ಸರಕು ಎಂಜಿನು ಇತ್ತು. ಬುಲೀಡರ ಹಿಂದಿನವರಾದ ಮಾನ್‌ಸೆಲ್ ರೂಪಿಸಿದ್ದು, ಇಪ್ಪತ್ತು ಎಂಜಿನುಗಳು. ನೋಡಲು ಸಂಭಾವಿತ, ಶಕ್ತಿಯಲ್ಲಿ ಸಾಮಾನ್ಯ. ಅದನ್ನೇ ಮತ್ತಷ್ಟು ಕಟ್ಟಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬುಲೀಡರು ಲೆಕ್ಕವನ್ನು ಬೇರೊಂದು ತುದಿಯಿಂದ ಹಿಡಿದರು. ಸೇತುವೆಗಳೂ ಹಳಿಗಳೂ ಎಷ್ಟು ಭಾರ ತಡೆಯುತ್ತವೆ ಎಂಬುದಕ್ಕೆ ಮಿತಿಯಿದೆ. ಆ ಮಿತಿಯೊಳಗೆ ಆದಷ್ಟು ದೊಡ್ಡ ಬಾಯ್ಲರನ್ನು ಕೂರಿಸಬೇಕು. ಉಗಿಯನ್ನು ಹಡೆಯುವುದು ಬಾಯ್ಲರು, ಉಳಿದದ್ದೆಲ್ಲ ಅದರ ಪರಿವಾರ. ಹಾಗಾದರೆ ಪರಿವಾರದ ಭಾರವನ್ನು ಇಳಿಸಿ ಯಜಮಾನಿಗೆ ಕೊಡೋಣ ಎಂಬುದು ಅವರ ತರ್ಕ.

ಹಳೆಯ ಉಗಿಯೆಂಜಿನನ್ನು ಹತ್ತಿರದಿಂದ ಕಂಡವರು ನೆನಪು ಮಾಡಿಕೊಳ್ಳಬಹುದು. ಉದ್ದಕ್ಕೆ ಮಲಗಿರುವ ಬಾಯ್ಲರಿನ ಎರಡು ಮಗ್ಗುಲಿಗೂ, ಮುಂತುದಿಯಿಂದ ಡ್ರೈವರಿನ ಗೂಡಿನವರೆಗೆ, ತಗಡಿನ ಒಂದು ಜಗಲಿ ಹಬ್ಬಿರುತ್ತದೆ. ಕೆಲಸಗಾರರು ಅದರ ಮೇಲೆ ನಿಂತು ಒರಸುತ್ತಾರೆ, ಎಣ್ಣೆ ಹಾಕುತ್ತಾರೆ. ಗಾಲಿಯ ಮೇಲ್ತುದಿ ಜಗಲಿಗಿಂತ ಎತ್ತರವಾದ ಕಡೆ ಅದನ್ನು ಮರೆಮಾಡುವ ಕಮಾನು ಮುಚ್ಚಳ ಇರುತ್ತದೆ. ಎಂಜಿನಿನ ಅಂದವೆಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಅರ್ಧ ಈ ಜಗಲಿಯ ಗೆರೆ, ಈ ಕಮಾನಿನ ಬಾಗು. ಬುಲೀಡರು ಎರಡನ್ನೂ ತೆಗೆದುಹಾಕಿದರು. ಗಾಲಿಗಳು ಬತ್ತಲಾಗಿ ನಿಂತವು. ಆ ಗಾಲಿಗಳೂ ಕಡ್ಡಿಯ ಗಾಲಿಗಳಲ್ಲ. ಷೆಫೀಲ್ಡಿನ ಫರ್ತ್ ಬ್ರೌನ್ ಕಂಪೆನಿಯವರ ಜತೆ ಸೇರಿ ಅವರೇ ರೂಪಿಸಿದ, ಬಿಲ್ಲೆಯಾಕಾರದ, ಹಗುರವಾದ ಉಕ್ಕಿನ ಗಾಲಿಗಳು.

ಇನ್ನು ಬಾಯ್ಲರಿನ ಹೊದಿಕೆ. ಕಾವು ಹೊರಗೆ ಹೋಗದಂತೆ ಬಾಯ್ಲರಿಗೆ ದಪ್ಪನೆಯ ಕಂಬಳಿಯೊಂದನ್ನು ಹೊದಿಸಿ, ಅದರ ಮೇಲೆ ತಗಡು ಸುತ್ತುವುದು ವಾಡಿಕೆ. ಯುದ್ಧಕಾಲದಲ್ಲಿ ಅಗ್ಗವಾಗಿ, ಧಾರಾಳವಾಗಿ ಸಿಕ್ಕುತ್ತಿದ್ದದ್ದು 'ಐಡಾಗ್ಲಾಸ್' ಎಂಬ ಗಾಜಿನ ನಾರು. ಕಾವನ್ನು ತಡೆಯುವುದರಲ್ಲಿ ಗಟ್ಟಿ, ಆದರೆ ತನ್ನ ಮೇಲೆ ಭಾರ ಬಿದ್ದರೆ ಹೊರಲಾರದು. ಆದ್ದರಿಂದ ಹೊರಗಿನ ತಗಡಿನ ಕವಚವನ್ನು ಬಾಯ್ಲರಿನ ಮೈಮೇಲೆ ಕೂರಿಸದೆ ಎಂಜಿನಿನ ಕೆಳಚೌಕಟ್ಟಿನ ಮೇಲೆಯೇ ನಿಲ್ಲಿಸಬೇಕಾಯಿತು. ಬಿಸ್ಕತ್ತಿನ ಡಬ್ಬಿಯ ಮೂಲೆಗಳು ಹುಟ್ಟಿದ್ದು ಹೀಗೆ. ಜನ ನಕ್ಕ ಆ ಆಕಾರಕ್ಕೆ ಕಾರಣ ಶಿಲ್ಪಿಯ ಹುಚ್ಚಲ್ಲ, ಗಾಜಿನ ನಾರಿನ ಸ್ವಭಾವ. ಬಕೆಟ್ಟಿನಂಥ ಚಿಮಣಿಗೂ ಕಾರಣವಿತ್ತು. ಅದರ ಕೆಳಗೆ ಉಗಿ ಚಿಮ್ಮುವ ಬಾಯಿ ಒಂದಲ್ಲ, ಐದು. ಲೆಮೇತ್ರ್ ಎಂಬ ಬೆಲ್ಜಿಯಂ ಎಂಜಿನಿಯರನ ಹೆಸರಿನ ಈ ಏರ್ಪಾಟಿಗೆ ಅಗಲವಾದ ಚಿಮಣಿಯೇ ಬೇಕು.

ಬೆಂಕಿಗೂಡಿನ ತಗಡುಗಳನ್ನು ಒತ್ತಿ ಬಾಗಿಸುವುದಕ್ಕೆ ಹೊಸ ಅಚ್ಚುಗಳನ್ನು ಮಾಡಿಸಲಿಲ್ಲ. 'ಲಾರ್ಡ್ ನೆಲ್ಸನ್' ಎಂಬ ಹಳೆಯ ದೊಡ್ಡ ಎಂಜಿನಿಗಾಗಿ ಮಾಡಿಟ್ಟಿದ್ದ ಅಚ್ಚುಗಳು ಕಾರ್ಖಾನೆಯಲ್ಲಿದ್ದವು. ಅವುಗಳಿಗೆ ಹೊಂದುವಂತೆಯೇ ಹೊಸ ಬೆಂಕಿಗೂಡನ್ನು ರೂಪಿಸಿದರು. ಅಕ್ಕನ ಸೀರೆಯಲ್ಲಿ ತಂಗಿಗೆ ಲಂಗ ಹೊಲಿಸಿಕೊಡುವ ಗೃಹಿಣಿಯ ಜಾಣ್ಮೆ ಇದು.

ಫಲವೇನಾಯಿತು? ಹಳೆಯ ಕ್ಯೂ ಎಂಜಿನಿನ ತೂಕ ಸುಮಾರು ೪೯½ ಟನ್, ಎಳೆತದ ಬಲ ೨೬,೧೬೦ ಪೌಂಡು. ಕ್ಯೂ-ಒನ್ನಿನ ತೂಕ ಸುಮಾರು ೫೧ ಟನ್, ಎಳೆತದ ಬಲ ೩೦,೦೮೦ ಪೌಂಡು. ತೂಕದಲ್ಲಿ ಎರಡು ಟನ್ನಿಗೂ ಕಡಮೆ ಏರಿಕೆ, ಬಲದಲ್ಲಿ ನೂರಕ್ಕೆ ಹದಿನೈದರಷ್ಟು ಏರಿಕೆ. ಕಂಪೆನಿಯ ಹಳಿಗಳಲ್ಲಿ ಹೆಚ್ಚುಕಡಮೆ ಎಲ್ಲ ಕಡೆಯೂ ಇದು ಓಡಬಲ್ಲುದಾಗಿತ್ತು. ಬ್ರೈಟನ್ನಿನಲ್ಲಿ ಇಪ್ಪತ್ತು, ಆಷ್‌ಫರ್ಡಿನಲ್ಲಿ ಇಪ್ಪತ್ತು, ಒಟ್ಟು ನಲವತ್ತು ಎಂಜಿನುಗಳು ೧೯೪೨ರೊಂದರಲ್ಲೇ ತಯಾರಾದವು. ತಿಕ್ಕಿ ತೊಳೆಯುವ ಆಳುಗಳಿಗೂ ಬರವಿದ್ದ ಕಾಲ ಅದು. ಪ್ರಯಾಣಿಕರ ಡಬ್ಬಿಗಳನ್ನು ತೊಳೆಯುವ ಯಂತ್ರದ ನಡುವೆ ಇದನ್ನೂ ನಡೆಸಿಬಿಟ್ಟರೆ ಮೈ ಶುದ್ಧವಾಗುತ್ತಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ, ಬೇಡದ್ದನ್ನು ಬಿಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ಸುಲಭವಾದ ನೀತಿಯನ್ನು ಹೇಳಿ ನಾವೂ ಮುಗಿಸಬಹುದಾಗಿತ್ತು. ಆದರೆ ತೂಕವೆಂಬುದು ಎಂಜಿನಿಗೆ ಬರಿಯ ಹೊರೆಯಲ್ಲ. ಬ್ರಿಟನ್ನಿನ ಸರಕು ಬಂಡಿಗಳಲ್ಲಿ ಬಹುಪಾಲಿಗೆ ಆ ಕಾಲದಲ್ಲಿ ಎಂಜಿನಿನಿಂದ ಹಾಕಬಹುದಾದ ಬ್ರೇಕು ಇರಲಿಲ್ಲ. ಇಳಿಜಾರಿನಲ್ಲಿ ಇಡಿಯ ಗಾಡಿಯನ್ನು ಹಿಡಿದು ನಿಲ್ಲಿಸಬೇಕಾದದ್ದು ಮುಂದಿನ ಎಂಜಿನು, ಅದರ ಟೆಂಡರು, ಮತ್ತೆ ಕೊನೆಯಲ್ಲಿ ಗಾರ್ಡಿನ ಡಬ್ಬಿ. ಎಂಜಿನು ಭಾರವಾಗಿದ್ದಷ್ಟೂ ಹಿಡಿತ ಹೆಚ್ಚು. ಕ್ಯೂ-ಒನ್ ತನ್ನ ಮೈಭಾರಕ್ಕೆ ಮೀರಿದ ಗಾಡಿಯನ್ನು ಎಳೆಯಬಲ್ಲುದಾಗಿತ್ತು, ಎಳೆದದ್ದನ್ನು ನಿಲ್ಲಿಸುವುದೇ ಕಷ್ಟ. ಹೀಗಾಗಿ ಅದರ ಪೂರ್ಣ ಬಲವನ್ನು ಎಲ್ಲ ಕಡೆಯೂ ಬಳಸಲಾಗಲಿಲ್ಲ. ದಂಡವೆಂದು ತೆಗೆದ ಭಾರ ಸದ್ದಿಲ್ಲದೆ ಒಂದು ಕೆಲಸವನ್ನು ಮಾಡುತ್ತಿತ್ತು ಎಂಬುದು ಅದು ಹೋದ ಮೇಲೆ ಗೊತ್ತಾಯಿತು. ಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತ ಮುದುಕಿ ತೀರಿಕೊಂಡ ಮೇಲೆ, ಅವಳ ಕಾವಲಿನಿಂದಲೇ ಮಗು ಬಾವಿಯ ಕಡೆ ಹೋಗುತ್ತಿರಲಿಲ್ಲವೆಂಬುದು ಮನೆಯವರಿಗೆ ತಿಳಿಯುವಂತೆ.

ಇದೇ ಬುಲೀಡರು ಇದೇ ಯುದ್ಧದ ನಡುವೆ ಇನ್ನೊಂದು ಎಂಜಿನನ್ನೂ ಕಟ್ಟಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ನಮ್ಮ ಪ್ರಶ್ನೆಗೆ ಉತ್ತರ ತೆರೆಯುತ್ತದೆ. ೧೯೪೧ರಲ್ಲಿ ಈಸ್ಟ್‌ಲಿ ಕಾರ್ಖಾನೆಯಿಂದ 'ಚಾನಲ್ ಪ್ಯಾಕೆಟ್' ಎಂಬ ಎಂಜಿನು ಹೊರಬಂತು. 'ಮರ್ಚೆಂಟ್ ನೇವಿ' ಎಂಬ ಬಳಗಕ್ಕೆ ಇದು ಮೊದಲನೆಯದು. ಸಮುದ್ರದಲ್ಲಿ ಪ್ರಾಣವನ್ನು ಪಣವಿಟ್ಟು ಸರಕು ತರುತ್ತಿದ್ದ ಹಡಗು ಕಂಪೆನಿಗಳ ಹೆಸರನ್ನು ಆ ಬಳಗದ ಎಂಜಿನುಗಳಿಗೆ ಇಟ್ಟರು. ಯುದ್ಧಕಾಲದಲ್ಲಿ ಪ್ರಯಾಣಿಕರ ಎಕ್ಸ್‌ಪ್ರೆಸ್ ಎಂಜಿನುಗಳನ್ನು ಕಟ್ಟಕೂಡದೆಂದು ಸರಕಾರದ ಕಟ್ಟಳೆ. ಆದ್ದರಿಂದ ಇದು ಸರಕಿಗೂ ಜನಕ್ಕೂ ಆಗುವ ಎಂಜಿನೆಂದು ಕಾಗದದಲ್ಲಿ ಬರೆಸಿದರು. ಆರಡಿ ಎರಡಂಗುಲದ ಗಾಲಿಗಳ ಮೇಲೆ ನಿಂತ ಆ ವೇಗಗಾಮಿಯನ್ನು ನೋಡಿದ ಯಾರಿಗೂ ನಿಜ ಗೊತ್ತಾಗದೆ ಇರಲಿಲ್ಲ.

ಇದರ ಮೈಯೂ ವಿಚಿತ್ರವೇ. ಬಾಯ್ಲರಿನ ಸುತ್ತ ಚಪ್ಪಟೆ ತಗಡಿನ ಗೋಡೆ. ಅಮೆರಿಕದಿಂದ ಬರುತ್ತಿದ್ದ 'ಸ್ಪ್ಯಾಮ್' ಎಂಬ ಮಾಂಸದ ಡಬ್ಬಿಯ ಹೆಸರನ್ನು ಜನ ಇದಕ್ಕೆ ಅಂಟಿಸಿದರು. ಬೆಸುಗೆಯಿಂದ ಕೂಡಿಸಿದ ಉಕ್ಕಿನ ಬೆಂಕಿಗೂಡು, ಚದರಂಗುಲಕ್ಕೆ ೨೮೦ ಪೌಂಡಿನ ಉಗಿಯ ಒತ್ತಡ, ವಿದ್ಯುದ್ದೀಪ, ಎಲ್ಲವೂ ಹೊಸತು. ಅದರ ಬಾಯ್ಲರು ಉಗಿ ಹುಟ್ಟಿಸುವುದರಲ್ಲಿ ಎಣೆಯಿಲ್ಲದ್ದು ಎಂದು ಬಲ್ಲವರು ಹೊಗಳುತ್ತಾರೆ. ಆದರೆ ಸಿಲಿಂಡರಿಗೆ ಉಗಿಯನ್ನು ಬಿಡುವ ಕವಾಟಗಳನ್ನು ಆಡಿಸುವುದಕ್ಕೆ ಬುಲೀಡರು, ನೂರು ವರ್ಷ ಪಳಗಿದ ಸರಳ ಸಲಾಕೆಗಳನ್ನು ಬಿಟ್ಟು, ಸೈಕಲ್ಲಿನಲ್ಲಿರುವಂಥ ಸರಪಳಿಯನ್ನು ಹೂಡಿದರು. ಸರಪಳಿ, ಕೀಲುಗಳನ್ನೆಲ್ಲ ಎಣ್ಣೆ ತುಂಬಿದ ಒಂದು ತೊಟ್ಟಿಯೊಳಗೆ ಮುಚ್ಚಿಟ್ಟರು. ದಿನವೂ ಎಣ್ಣೆ ಹಾಕುವ ತಾಪತ್ರಯ ತಪ್ಪಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ತೊಟ್ಟಿ ಸೋರಿತು. ಎಣ್ಣೆ ಹಳಿಗೆ ಬಿದ್ದು ಗಾಲಿ ಜಾರಿತು. ಬಾಯ್ಲರಿನ ಹೊದಿಕೆಗೆ ಎಣ್ಣೆ ಹತ್ತಿ ಆಗಾಗ ಬೆಂಕಿಯೂ ಹೊತ್ತಿಕೊಂಡಿತು. ಸರಪಳಿ ಹಿಗ್ಗಿದಂತೆ ಕವಾಟದ ಲೆಕ್ಕ ತಪ್ಪಿತು. ೧೯೫೬ರಿಂದ ೧೯೫೯ರೊಳಗೆ ಮೂವತ್ತು ಎಂಜಿನುಗಳನ್ನೂ ಬಿಚ್ಚಿ, ತಗಡಿನ ಗೋಡೆಯನ್ನು ಕಿತ್ತು, ಸರಪಳಿಯನ್ನು ಎಸೆದು, ಹಳೆಯ ಸಲಾಕೆಗಳನ್ನೇ ಹಾಕಿ ಮತ್ತೆ ಕಟ್ಟಿದರು. ಹಾಗೆ ಕಟ್ಟಿದ ಮೇಲೆ ಅವು ೧೯೬೭ರವರೆಗೆ, ದಕ್ಷಿಣ ಇಂಗ್ಲೆಂಡಿನಲ್ಲಿ ಉಗಿಯ ಕಾಲ ಮುಗಿಯುವವರೆಗೆ, ದುಡಿದವು.

ಒಬ್ಬನೇ ಮನುಷ್ಯ, ಒಂದೇ ಕಾಲ, ಎರಡು ಎಂಜಿನು. ಒಂದರಲ್ಲಿ ಕೊರತೆ ಅವರ ಕೈಯನ್ನು ಹಿಡಿದಿತ್ತು. ಇನ್ನೊಂದರಲ್ಲಿ ಅವರ ಪ್ರತಿಭೆ ಆ ಹಿಡಿತದಿಂದ ತಪ್ಪಿಸಿಕೊಂಡಿತು. ಮೊದಲನೆಯದನ್ನು ಕೊನೆಯವರೆಗೂ ಯಾರೂ ಬದಲಿಸಬೇಕಾಗಲಿಲ್ಲ. ಎರಡನೆಯದು ಹೆಚ್ಚು ಪ್ರತಿಭೆಯ ಕೃತಿ, ಆದರೆ ಇನ್ನೊಬ್ಬರು ತಿದ್ದಿದ ಮೇಲೆಯೇ ಪೂರ್ಣವಾದದ್ದು.

ಅದೇ ಯುದ್ಧದಲ್ಲಿ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದವರು ರಾಬರ್ಟ್ ರಿಡಲ್ಸ್. ಎಲ್.ಎಂ.ಎಸ್. ಕಂಪೆನಿಯಿಂದ ಸರಕಾರದ ಸರಬರಾಜು ಇಲಾಖೆಗೆ ಬಂದವರು. ಅವರಿಗೆ ಬೇಕಾದದ್ದು ನಲವತ್ತು ಎಂಜಿನುಗಳಲ್ಲ, ನೂರಾರು. ಯೂರೋಪಿನ ನೆಲಕ್ಕೆ ಸೈನ್ಯ ಇಳಿದ ಮೇಲೆ ಅದರ ಹಿಂದೆಯೇ ಹೋಗಿ, ಮುರಿದ ಹಳಿಗಳ ಮೇಲೆ, ಯಾವ ಕಲ್ಲಿದ್ದಲು ಸಿಕ್ಕಿದರೆ ಅದನ್ನು ಉರಿಸಿ ಓಡಬೇಕಾದ ಎಂಜಿನುಗಳು. ಸ್ಟೇನಿಯರರ ಎಂಟು ಚಾಲಕ ಗಾಲಿಗಳ ಸರಕು ಎಂಜಿನನ್ನು ಸೈನ್ಯ ಮೊದಲು ಆರಿಸಿಕೊಂಡಿತ್ತು. ಎಂಜಿನು ಒಳ್ಳೆಯದು, ಆದರೆ ಕಟ್ಟಲು ಕಾಲ ಹಿಡಿಯುತ್ತದೆ. ರಿಡಲ್ಸರು ಅದನ್ನೇ ಮುಂದಿಟ್ಟುಕೊಂಡು ಒಂದೊಂದು ಅಂಗಕ್ಕೂ ಒಂದೇ ಪ್ರಶ್ನೆ ಹಾಕಿದರು: ಇದನ್ನು ಇನ್ನೂ ಕಡಮೆ ಕೈಗೆಲಸದಲ್ಲಿ ಮಾಡಬಹುದೆ? ಮುಂದಕ್ಕೆ ಸಪುರವಾಗುವ ಬಾಯ್ಲರಿನ ಬದಲು ನೆಟ್ಟನೆಯ ಕೊಳವೆಯಂಥ ಬಾಯ್ಲರು. ಮೂಲೆಗಳಿರುವ ಬೆಂಕಿಗೂಡಿನ ಬದಲು ದುಂಡುತಲೆಯ ಬೆಂಕಿಗೂಡು. ಉಕ್ಕಿನ ಎರಕ ಬೇಕಾದ ಎಷ್ಟೋ ಕಡೆ ಬೆಸೆದ ತಗಡು ಅಥವಾ ಬೀಡುಕಬ್ಬಿಣ. ಬುಲೀಡರು ಎಂಜಿನಿನ ತೂಕವನ್ನು ಇಳಿಸಿದರು, ರಿಡಲ್ಸರು ಅದನ್ನು ಕಟ್ಟುವವರ ಶ್ರಮವನ್ನು ಇಳಿಸಿದರು ಎನ್ನಬಹುದು.

'ಆಸ್ಟೆರಿಟಿ' ಎಂಬ ಹೆಸರಿನ ಈ ಎಂಜಿನುಗಳಲ್ಲಿ ಮೊದಲನೆಯದು ೧೯೪೩ರ ಜನವರಿಯಲ್ಲಿ ಸಿದ್ಧವಾಯಿತು. ೧೯೪೫ರೊಳಗೆ ಒಟ್ಟು ೯೩೫. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪೆನಿ ೫೪೫ನ್ನು, ಲ್ಯಾಂಕಷೈರಿನ ವಲ್ಕನ್ ಫೌಂಡ್ರಿ ೩೯೦ನ್ನು ಕಟ್ಟಿದವು. ಭಾರತದ ರೈಲುಮಾರ್ಗಗಳಿಗೂ ಬಹುಕಾಲ ಎಂಜಿನುಗಳನ್ನು ಕಳಿಸಿದ ಹೆಸರುಗಳು ಇವು. ಸರಾಸರಿ ನೋಡಿದರೆ ದಿನಕ್ಕೊಂದು ಎಂಜಿನು ಹೊರಬಿದ್ದಂತೆ. ಇವುಗಳ ಜತೆಗೆ, ದುರ್ಬಲ ಹಳಿಗಳ ಮೇಲೂ ಓಡುವಂತೆ ಭಾರವನ್ನು ಹಂಚಿ, ಹತ್ತು ಚಾಲಕ ಗಾಲಿಗಳ ೧೫೦ ಎಂಜಿನುಗಳನ್ನೂ ಕಟ್ಟಿದರು. ಅಷ್ಟು ಉದ್ದದ ಗಾಲಿಸಾಲು ತಿರುವಿನಲ್ಲಿ ಸಿಕ್ಕಿಕೊಳ್ಳಬಾರದೆಂದು ನಡುವಣ ಜೋಡಿ ಗಾಲಿಗಳಿಗೆ ಹಳಿಯನ್ನು ತಬ್ಬುವ ಅಂಚನ್ನೇ ಇಡಲಿಲ್ಲ. ಬಂದರು, ಡಿಪೋಗಳಲ್ಲಿ ಬಂಡಿಗಳನ್ನು ನೂಕಿ ಜೋಡಿಸುವುದಕ್ಕೆ ಲೀಡ್ಸಿನ ಹನ್ಸ್‌ಲೆಟ್ ಕಂಪೆನಿಯವರು ಆರು ಗಾಲಿಯ ಪುಟ್ಟ ಎಂಜಿನೊಂದನ್ನು ರೂಪಿಸಿದರು. ಕತ್ತೆಯ ಬೆನ್ನಿಗೆ ನೀರಿನ ಚೀಲ ಹೇರಿದಂತೆ ಬಾಯ್ಲರಿನ ಬೆನ್ನಿನ ಮೇಲೆಯೇ ಅದರ ನೀರಿನ ತೊಟ್ಟಿ.

ಇಲ್ಲಿಯೂ ಬಿಟ್ಟದ್ದಕ್ಕೆ ಬೆಲೆ ತೆರಬೇಕಾಯಿತು. ಮುಂದಕ್ಕೂ ಹಿಂದಕ್ಕೂ ಆಡುವ ಪಿಸ್ಟನ್ನು, ಸಲಾಕೆಗಳ ಬಡಿತವನ್ನು ಸರಿತೂಗಿಸಲು ಗಾಲಿಗಳಲ್ಲಿ ಇಡಬೇಕಾದ ಪ್ರತಿಭಾರವನ್ನು ಆಸ್ಟೆರಿಟಿಯಲ್ಲಿ ಬಿಟ್ಟುಬಿಟ್ಟಿದ್ದರು. ವೇಗ ಏರಿದರೆ ಎಂಜಿನು ಹಿಂದುಮುಂದಾಗಿ ಜಗ್ಗಾಡುತ್ತಿತ್ತು. ಅದರ ಲೊಟಲೊಟ ಸದ್ದು ದೂರದಿಂದಲೇ ಅದರ ಗುರುತು ಹೇಳುತ್ತಿತ್ತು. ಕಾರ್ಖಾನೆಯಲ್ಲಿ ಉಳಿಸಿದ ಶ್ರಮವನ್ನು ಡ್ರೈವರಿನ ಬೆನ್ನುಮೂಳೆ ತೆತ್ತಿತು ಎಂದರೆ ತಪ್ಪಲ್ಲ.

ಎಂಜಿನಿನಲ್ಲಿ ಏನನ್ನು ಬಿಟ್ಟರೂ ನಡೆಯಬಹುದು, ಅದನ್ನು ನಡೆಸುವವರ ಎದೆಗಾರಿಕೆಯಲ್ಲಿ ಉಳಿತಾಯ ಮಾಡಲಾಗದು. ಇದಕ್ಕೆ ಸಾಕ್ಷಿಯಾದದ್ದೂ ಒಂದು ಆಸ್ಟೆರಿಟಿ ಎಂಜಿನೇ, ೭೩೩೭ನೆಯ ನಂಬರಿನದು. ೧೯೪೪ರ ಜೂನ್ ೨ರ ಬೆಳಗಿನ ಜಾವ, ಎರಡು ಗಂಟೆಗೆ ಮುಂಚೆ, ಅದು ೫೧ ಬಂಡಿಗಳ ಗಾಡಿಯನ್ನು ಎಳೆದುಕೊಂಡು ಪೂರ್ವ ಇಂಗ್ಲೆಂಡಿನ ಸೋಹಮ್ ಎಂಬ ಸಣ್ಣ ಊರನ್ನು ಸಮೀಪಿಸುತ್ತಿತ್ತು. ಬಂಡಿಗಳಲ್ಲಿ ಬಹುಪಾಲು ಬಾಂಬುಗಳು. ನಾರ್ಮಂಡಿಯ ದಾಳಿಗೆ ಇನ್ನು ನಾಲ್ಕೇ ದಿನ. ಡ್ರೈವರು ಬೆಂಜಮಿನ್ ಗಿಂಬರ್ಟ್ ಹಿಂದಿರುಗಿ ನೋಡಿದಾಗ ಎಂಜಿನಿಗೆ ಅಂಟಿದ ಮೊದಲ ಬಂಡಿಗೆ ಬೆಂಕಿ ಹತ್ತಿತ್ತು. ಅದರೊಳಗೆ ಐನೂರು ಪೌಂಡಿನ ೪೪ ಬಾಂಬುಗಳು.

ಗಿಂಬರ್ಟ್ ಗಾಡಿಯನ್ನು ಮೆಲ್ಲನೆ ನಿಲ್ಲಿಸಿದರು. ಫೈರ್‌ಮನ್ ಜೇಮ್ಸ್ ನೈಟಾಲ್, ಇಪ್ಪತ್ತೆರಡರ ಹುಡುಗ, ಕೆಳಗೆ ಧುಮುಕಿ ಉರಿಯುವ ಬಂಡಿಯ ಹಿಂದಿನ ಕೊಂಡಿಯನ್ನು ಬಿಡಿಸಿದನು. ಇಬ್ಬರಿಗೂ ಓಡಿಹೋಗಲು ಆಗ ಎಡೆಯಿತ್ತು. ಅವರು ಎಂಜಿನನ್ನು ಹತ್ತಿ, ಉರಿಯುವ ಆ ಒಂದು ಬಂಡಿಯನ್ನು ಊರಿನಾಚೆಯ ಬಯಲಿಗೆ ಒಯ್ಯಲೆಂದು ಹೊರಟರು. ಸ್ಟೇಷನ್ನಿನ ಬಳಿ ಬರುವಷ್ಟರಲ್ಲಿ ಬಾಂಬುಗಳು ಸಿಡಿದವು. ೬೬ ಅಡಿ ಅಗಲ, ೧೫ ಅಡಿ ಆಳದ ಹಳ್ಳ ಬಿತ್ತು. ಸ್ಟೇಷನ್ನು ನೆಲಸಮವಾಯಿತು. ನೈಟಾಲ್ ಅಲ್ಲಿಯೇ ಮಡಿದನು. ಸಿಗ್ನಲ್ ಕಟ್ಟೆಯ ಫ್ರಾಂಕ್ ಬ್ರಿಜಸ್ ಮರುದಿನ ತೀರಿಕೊಂಡರು. ಗಿಂಬರ್ಟ್ ದೂರಕ್ಕೆ ಎಸೆಯಲ್ಪಟ್ಟು ಮೈಯೆಲ್ಲ ಗಾಯವಾದರೂ ಬದುಕಿ ಉಳಿದರು. ಹಿಂದೆ ಬಿಟ್ಟುಬಂದ ಐವತ್ತು ಬಂಡಿಗಳಿಗೆ ಏನೂ ಆಗಲಿಲ್ಲ. ಅವೂ ಸಿಡಿದಿದ್ದರೆ ಸೋಹಮ್ ಎಂಬ ಊರು ಉಳಿಯುತ್ತಿರಲಿಲ್ಲ. ಅದೇ ದಿನ ರಾತ್ರಿಯೊಳಗೆ ಹಳ್ಳವನ್ನು ತುಂಬಿ ಹಳಿ ಹಾಸಿ ಗಾಡಿಗಳನ್ನು ಬಿಟ್ಟರು. ಗಿಂಬರ್ಟರಿಗೂ, ಮರಣಾನಂತರ ನೈಟಾಲನಿಗೂ ಜಾರ್ಜ್ ಕ್ರಾಸ್ ಪದಕ ಸಂದಿತು. ಎಂಜಿನು ರಿಪೇರಿಯಾಗಿ ಲಾಂಗ್‌ಮೂರಿನ ಸೈನ್ಯದ ರೈಲುಶಾಲೆಗೆ ಸೇರಿತು. ಅಲ್ಲಿ 'ಸರ್ ಗೈ ವಿಲಿಯಮ್ಸ್' ಎಂಬ ಹೆಸರು ಪಡೆದು ಹೊಸ ಸೈನಿಕರಿಗೆ ಪಾಠ ಹೇಳಿಕೊಟ್ಟಿತು.

ಯುದ್ಧ ಮುಗಿದೊಡನೆ ಈ ಎಂಜಿನುಗಳ ಕೆಲಸ ಮುಗಿಯಬೇಕಾಗಿತ್ತು. ಸ್ವಲ್ಪ ಕಾಲ ಬಾಳಿದರೆ ಸಾಕೆಂದು ಕಟ್ಟಿದವು ತಾನೆ? ಆದದ್ದೇ ಬೇರೆ. ೧೯೪೮ರಲ್ಲಿ ರೈಲುಗಳು ರಾಷ್ಟ್ರದ ಸೊತ್ತಾದ ಮೇಲೆ ಎಂಟು ಚಾಲಕ ಗಾಲಿಗಳ ೭೩೩ ಆಸ್ಟೆರಿಟಿಗಳು ಬ್ರಿಟಿಷ್ ರೈಲ್ವೆಯ ಲೆಕ್ಕಕ್ಕೆ ಬಂದವು. ಕಲ್ಲಿದ್ದಲನ್ನೂ ಕಬ್ಬಿಣದ ಅದಿರನ್ನೂ ಎಳೆಯುತ್ತ ೧೯೬೭ರವರೆಗೆ ಬಾಳಿದವು. ಹನ್ಸ್‌ಲೆಟ್ಟಿನ ಪುಟ್ಟ ಎಂಜಿನಿಗೆ ಗಣಿಗಳಿಂದ ಎಷ್ಟು ಬೇಡಿಕೆ ಬಂತೆಂದರೆ ೧೯೬೪ರವರೆಗೂ ಹೊಸದಾಗಿ ಕಟ್ಟಬೇಕಾಯಿತು, ಎಣಿಕೆ ೪೮೫ಕ್ಕೆ ಮುಟ್ಟಿತು. ರಿಡಲ್ಸರು ರಾಷ್ಟ್ರೀಯ ರೈಲ್ವೆಯ ಹೊಸ ಎಂಜಿ‌ನುಗಳನ್ನು ರೂಪಿಸುವ ಹೊಣೆ ಹೊತ್ತಾಗ ಯುದ್ಧಕಾಲದ ಹತ್ತು ಗಾಲಿಯ ಪಾಠವನ್ನು ಮರೆಯಲಿಲ್ಲ. ೧೯೫೪ರಿಂದ ಬಂದ ಅವರ '೯-ಎಫ್' ಬಳಗದ ೨೫೧ ಎಂಜಿನುಗಳಿಗೂ ಹತ್ತೇ ಚಾಲಕ ಗಾಲಿಗಳು, ನಡುವಣ ಜೋಡಿಗೆ ಅಂಚಿಲ್ಲ. ಬ್ರಿಟಿಷ್ ರೈಲ್ವೆಗಾಗಿ ಕಟ್ಟಿದ ಕೊಟ್ಟಕೊನೆಯ ಉಗಿಯೆಂಜಿನು, ೧೯೬೦ರ 'ಈವ್ನಿಂಗ್ ಸ್ಟಾರ್', ಆ ಬಳಗದ್ದೇ.

ಆದರೂ ಒಂದು ವಿಷಾದವುಂಟು. ತಮ್ಮವರೆನಿಸಿದ ೭೩೩ರಲ್ಲಿ ಒಂದನ್ನೂ ಬ್ರಿಟಿಷರು ಉಳಿಸಿಕೊಳ್ಳಲಿಲ್ಲ. ಅಂದವಾದ ಎಕ್ಸ್‌ಪ್ರೆಸ್ ಎಂಜಿನುಗಳನ್ನು ಕಾಪಾಡಲು ಜನ ಚಂದಾ ಎತ್ತಿದರು. ಕೊಳೆ ಮೆತ್ತಿದ ಈ ದುಡಿಮೆಗಾರರು ಒಂದೊಂದಾಗಿ ಗುಜರಿಗೆ ಹೋದರು. ಆಪತ್ತಿಗಾದವನೇ ನೆಂಟ ಎನ್ನುತ್ತೇವೆ, ಆಪತ್ತು ಕಳೆದ ಮೇಲೆ ಆ ನೆಂಟನನ್ನು ಮರೆಯುವುದೂ ಲೋಕರೂಢಿಯೇ. ಕೊನೆಗೆ ಒಂದು ಎಂಜಿನು ಹೊರದೇಶದಿಂದ ಬರಬೇಕಾಯಿತು. ಯುದ್ಧವಾದ ಮೇಲೆ ನೆದರ್ಲೆಂಡ್ಸಿನಲ್ಲಿ ದುಡಿದು, ಅಲ್ಲಿಂದ ಸ್ವೀಡನ್ನಿಗೆ ಹೋಗಿದ್ದ ಒಂದನ್ನು ೧೯೭೩ರಲ್ಲಿ ತಂದು ಯಾರ್ಕ್‌ಷೈರಿನ ಕೀತ್ಲಿ-ವರ್ತ್ ಕಣಿವೆಯ ರೈಲಿನಲ್ಲಿ ಇರಿಸಿಕೊಂಡಿದ್ದಾರೆ. ಹತ್ತು ಗಾಲಿಯವುಗಳಲ್ಲಿ ಗ್ರೀಸಿನಿಂದಲೂ ಮರಳಿ ಬಂದವುಂಟು. ಇನ್ನೊಂದು, 'ಲಾಂಗ್‌ಮೂರ್' ಎಂಬ ಹೆಸರಿನದು, ನಾರ್ಮಂಡಿಯ ದಾಳಿಯ ಬಳಿಕ ಯೂರೋಪಿಗೆ ದಾಟಿಸಿದ ಸಾವಿರದ ಎಂಜಿನೆಂಬ ಗೌರವದಿಂದ ಡಚ್ಚರ ಊಟ್ರೆಕ್ಟ್ ರೈಲು ಸಂಗ್ರಹಾಲಯದಲ್ಲಿದೆ. ಬಿಡುಗಡೆ ಪಡೆದವರು ನೆನೆದಷ್ಟು ಬಿಡಿಸಿದವರು ನೆನೆಯಲಿಲ್ಲವೇನೋ!

ಬಿಸ್ಕತ್ತಿನ ಡಬ್ಬಿಯ ಅದೃಷ್ಟ ಇದಕ್ಕಿಂತ ಮೇಲು. ನಲವತ್ತು ಕ್ಯೂ-ಒನ್‌ಗಳೂ ೧೯೬೩ರಿಂದ ೧೯೬೬ರೊಳಗೆ ನಿವೃತ್ತವಾದವು. ಅವುಗಳಲ್ಲಿ ಹಿರಿಯದು, 'ಸಿ-೧' ಎಂಬ ಮೂಲ ನಂಬರಿನದು, ಯಾರ್ಕಿನ ರಾಷ್ಟ್ರೀಯ ರೈಲು ಸಂಗ್ರಹಾಲಯದ ಸೊತ್ತಾಗಿ ಉಳಿದಿದೆ. ಬುಲೀಡರು ೧೯೭೦ರಲ್ಲಿ ಮಾಲ್ಟಾ ದ್ವೀಪದಲ್ಲಿ ತೀರಿಕೊಂಡರು.

ಜಗಲಿಯಿದ್ದ ಎಂಜಿನುಗಳು ಬರಿಯ ಸೋಗಿನವಾಗಿರಲಿಲ್ಲ, ಜಗಲಿಯಿಲ್ಲದ್ದು ಬರಿಯ ಬಡತನದ್ದೂ ಆಗಿರಲಿಲ್ಲ. ಹಿತ್ತಾಳೆಯ ಅಂಚಿಲ್ಲದೆ ಎಂಜಿನು ಓಡುತ್ತದೆಂಬುದನ್ನು ಯುದ್ಧ ತೋರಿಸಿತು. ಯಾವ ಭಾರ ದಂಡ, ಯಾವ ಭಾರ ಕಾವಲು ಎಂಬುದನ್ನು ಮಾತ್ರ ಅದು ಹೇಳಿಕೊಡಲಿಲ್ಲ. ಆ ವಿವೇಕವನ್ನು ಶಿಲ್ಪಿ ತಾನೇ ತರಬೇಕು, ಕೊರತೆಯ ಕಾಲದಲ್ಲಿಯೂ ಸಮೃದ್ಧಿಯ ಕಾಲದಲ್ಲಿಯೂ. ಇಂದು ಆ ಕಪ್ಪು ಎಂಜಿನಿನ ಎದುರು ನಿಲ್ಲುವವರಿಗೆ ಅದರ ಮೂಲೆಮೂಲೆಯ ಮೈ ಮೊದಲು ನಗೆ ತರಿಸಬಹುದು. ಪ್ರತಿಯೊಂದು ಮೂಲೆಗೂ ಒಂದು ಕಾರಣವಿದೆ ಎಂದು ತಿಳಿದು ಎರಡನೆಯ ಸಲ ನೋಡಿದರೆ ಆ ನಗೆ ನಿಲ್ಲುತ್ತದೆ.